ದಿಲ್ಲಿಯಲ್ಲಿ ಓದಿದ ಆಫ್ರಿಕಾ

ನೋಯ್ಡಾದಲ್ಲಿ ಮೆಟ್ರೋ ಹತ್ತಿ, ರಾಜೀವ್ ಚೌಕದಲ್ಲಿ ಗಾಡಿ ಬದಲಾಯಿಸಿ, ವಿಶ್ವವಿದ್ಯಾಲಯ ಸ್ಟೇಷನ್ನಿನಲ್ಲಿ ಇಳಿದು, ದಿಲ್ಲಿ ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ವಿಭಾಗದ ಬಾಗಿಲಲ್ಲಿ ನಿಂತಾಗ ನನಗೆ 45 ವರ್ಷ. 2011ನೇ ಇಸವಿ. ಕೈಯಲ್ಲಿ ಎಂ.ಫಿಲ್ ಅರ್ಜಿ, ಕಾಲಲ್ಲಿ ಹೊಳೆಯುವ ಹಾಗೆ ಪಾಲಿಶ್ ಮಾಡಿದ ಬೂಟು. ಹೊರಗೆ ಕೂತಿದ್ದ ಹುಡುಗನೊಬ್ಬ ಧಡಕ್ಕನೆ ಎದ್ದು "ಗುಡ್ ಮಾರ್ನಿಂಗ್ ಸರ್" ಅಂದ. ಮೇಷ್ಟ್ರು ಅಂದುಕೊಂಡಿದ್ದ, ಪಾಪ. ನಾನು ಹೋಗಿ ಅವನ ಹಿಂದೆ ಸಾಲಿನಲ್ಲಿ ನಿಂತೆ.

ಸೈನ್ಯದಲ್ಲಿ 23 ವರ್ಷ ಕಳೆದು ಕರ್ನಲ್ ಆಗಿ ಹೊರಬಂದವನಿಗೆ ದಿಲ್ಲಿಯಲ್ಲಿ ದಾರಿಗಳಿಗೇನೂ ಬರವಿಲ್ಲ. ಪುನರ್ವಸತಿ ನಿರ್ದೇಶನಾಲಯದವರು ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಕಳಿಸುತ್ತಾರೆ. ಅದಾದ ಮೇಲೆ ಗುರ್‌ಗಾಂವ್‌ನ ಯಾವುದಾದರೂ ಕಂಪನಿಯಲ್ಲಿ ಸೆಕ್ಯುರಿಟಿ ಹೆಡ್, ಇಲ್ಲವೇ ಶಾಲೆಯೊಂದರಲ್ಲಿ ಅಡ್ಮಿನಿಸ್ಟ್ರೇಟರ್. ನನ್ನ ಬ್ಯಾಚಿನ ಹೆಚ್ಚಿನವರು ಹಾಗೇ ಹೋದರು, ಚೆನ್ನಾಗಿಯೇ ಇದ್ದಾರೆ. ನಾನು ಆಫ್ರಿಕಾದ ಇತಿಹಾಸ ಓದ್ತೇನೆ ಅಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ಈ ವಯಸ್ಸಲ್ಲಿ ಪರೀಕ್ಷೆ ಬರೆಯೋದಾ?" ಯಲ್ಲಾಪುರದಿಂದ ಆಯಿ ಫೋನಿನಲ್ಲಿ ಹೆದರಿಕೊಂಡೇ ಕೇಳಿದಳು: "ಮತ್ತೆ ಆಫ್ರಿಕಾಕ್ಕೆ ಹೋಗ್ತ್ಯನ ತಮಾ?" ಇಲ್ಲ ಆಯಿ, ದಿಲ್ಲಿಯಲ್ಲೇ ಕೂತು ಓದೋದು ಅಂದೆ. "ಓದೂಲೆ ಆಫ್ರಿಕಾನೇ ಎಂತಕ್ಕೆ?" ಅಂದಳು. ಆಗ ನೆಟ್ಟಗೆ ಉತ್ತರ ಕೊಡಲು ಬರಲಿಲ್ಲ. ಈಗ ಆಯಿ ಇಲ್ಲ.

ಓದಬೇಕು ಅನ್ನೋ ಹುಳ ತಲೆಗೆ ಹೊಕ್ಕಿದ್ದು 2008ರಲ್ಲಿ, ಕಾಂಗೋ ದೇಶದ ಪೂರ್ವಕ್ಕಿರುವ ಉತ್ತರ ಕಿವು ಪ್ರಾಂತ್ಯದಲ್ಲಿ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾರತೀಯ ಬ್ರಿಗೇಡ್ ಗೋಮಾ ಊರಿನಲ್ಲಿತ್ತು. ಒಂದು ಕಡೆ ಕಿವು ಸರೋವರ, ಇನ್ನೊಂದು ಕಡೆ ರಾತ್ರಿ ಹೊತ್ತು ಆಕಾಶವನ್ನು ಕೆಂಪು ಮಾಡುವ ನ್ಯಿರಾಗೊಂಗೊ ಜ್ವಾಲಾಮುಖಿ. 2002ರಲ್ಲಿ ಅದರ ಲಾವಾ ಊರಿನೊಳಗೇ ಹರಿದಿತ್ತು. ಆ ಕರಿಕಲ್ಲಿನ ಮೇಲೆಯೇ ಜನ ಮತ್ತೆ ಮನೆ ಕಟ್ಟಿಕೊಂಡಿದ್ದರು. 2008ರ ಕೊನೆಯಲ್ಲಿ ಬಂಡುಕೋರರು ಗೋಮಾದ ಹೊಸ್ತಿಲಿಗೆ ಬಂದಾಗ ಲಕ್ಷಗಟ್ಟಲೆ ಜನ ಹಾಸಿಗೆ, ಪಾತ್ರೆ, ಮಕ್ಕಳನ್ನು ಹೊತ್ತುಕೊಂಡು ರಸ್ತೆಗೆ ಬಿದ್ದರು. ನಮ್ಮ ನಕ್ಷೆಯ ಮೇಲೆ ಅವರೆಲ್ಲ ಬಣ್ಣದ ಪಿನ್ನುಗಳು. ಯಾವ ಗುಂಪು ಎಲ್ಲಿದೆ, ಅವರ ಹತ್ತಿರ ಎಷ್ಟು ಬಂದೂಕಿದೆ, ಮಳೆ ಬಂದರೆ ಯಾವ ರಸ್ತೆ ಮುಚ್ಚುತ್ತದೆ, ಇಷ್ಟನ್ನು ನಾನು ಕಣ್ಣುಮುಚ್ಚಿ ಹೇಳಬಲ್ಲವನಾಗಿದ್ದೆ. ಈ ಜನ ಯಾರು, ನೂರು ವರ್ಷದ ಹಿಂದೆ ಇಲ್ಲಿ ಏನಿತ್ತು ಅಂತ ಯಾರಾದರೂ ಕೇಳಿದ್ದರೆ ಬಾಯಿ ಕಟ್ಟುತ್ತಿತ್ತು.

ನಮಗೊಬ್ಬರು ದುಭಾಷಿ ಇದ್ದರು. ಕಟಾಂಗಾದ ಲುಬುಂಬಾಶಿ ಕಡೆಯವರು, ಹಿಂದೆ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಒಂದು ಸಂಜೆ ಚಹಾ ಕುಡಿಯುತ್ತಾ, "ನಮ್ಮಪ್ಪನೂ ಭಾರತದ ಸೈನಿಕರನ್ನು ನೋಡಿದ್ದರು, 1961ರಲ್ಲಿ. ವಿಮಾನದ ಸದ್ದು ಕೇಳಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದರಂತೆ" ಅಂದರು. ನಾನು ಹೆಮ್ಮೆಯಿಂದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಕತೆ ಹೇಳಿದೆ. 1961ರ ಡಿಸೆಂಬರ್ 5, ಆಗ ಎಲಿಜಬೆತ್‌ವಿಲ್ ಅಂತಿದ್ದ ಅದೇ ಲುಬುಂಬಾಶಿ. 16 ಜನ ಗೂರ್ಖಾಗಳನ್ನು ಕಟ್ಟಿಕೊಂಡು ಸುಮಾರು 90 ಜನರ ಮೇಲೆ ಬಿದ್ದು ರಸ್ತೆ ತಡೆ ಮುರಿದು ಸತ್ತವರು. ಮರಣಾನಂತರ ಪರಮವೀರ ಚಕ್ರ ಬಂತು. ದುಭಾಷಿ ಮರ್ಯಾದೆಯಿಂದ ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ, "ಅವರು ಅಲ್ಲಿಗೆ ಯಾಕೆ ಬಂದಿದ್ದರು ಅಂತ ನಿಮಗೆ ಯಾರಾದರೂ ಹೇಳಿಕೊಟ್ಟಿದ್ದಾರಾ?" ಅಂದರು.

ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ. ಪದಕದ ಕತೆ ಗೊತ್ತಿತ್ತು, ಅಷ್ಟೇ. ಕಾಂಗೋ ಬೆಲ್ಜಿಯಂನಿಂದ ಸ್ವತಂತ್ರವಾದದ್ದು 1960ರ ಜೂನ್ 30ಕ್ಕೆ. ಹನ್ನೊಂದೇ ದಿನದಲ್ಲಿ ಕಟಾಂಗಾ ಪ್ರಾಂತ್ಯ ತಾನು ಬೇರೆ ದೇಶ ಅಂತ ಘೋಷಿಸಿಕೊಂಡಿತು. ಅಲ್ಲಿ ತಾಮ್ರವಿತ್ತು, ಕೋಬಾಲ್ಟ್ ಇತ್ತು, ಹಿರೋಶಿಮಾ ಬಾಂಬಿಗೆ ಬಳಸಿದ ಯುರೇನಿಯಂ ಕೂಡ ಅಲ್ಲಿನ ಶಿಂಕೊಲೋಬ್ವೆ ಗಣಿಯದೇ. ಗಣಿ ಕಂಪನಿಗೂ ಬೆಲ್ಜಿಯಂಗೂ ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಮೊದಲ ಪ್ರಧಾನಿ ಪಟ್ರೀಸ್ ಲುಮುಂಬಾರನ್ನು 1961ರ ಜನವರಿ 17ರಂದು ಅದೇ ಕಟಾಂಗಾದಲ್ಲಿ ಕೊಂದರು. ನೆಹರೂ ಒಂದು ಇಡೀ ಬ್ರಿಗೇಡನ್ನು ಕಳಿಸಿದ್ದು ಅದಾದ ಮೇಲೆ. ನಮ್ಮ ವಾಯುಸೇನೆಯ ಕ್ಯಾನ್‌ಬೆರಾ ವಿಮಾನಗಳು ಕೊಲ್ವೇಜಿ ವಿಮಾನನಿಲ್ದಾಣದ ಮೇಲೆ ದಾಳಿ ಮಾಡಿದ್ದು ಆ ಡಿಸೆಂಬರಿನಲ್ಲೇ. ಕಟಾಂಗಾದ ಗಲಾಟೆ ಮುಗಿದದ್ದು 1963ರ ಜನವರಿಯಲ್ಲಿ. ಇವೆಲ್ಲ ನಾನು ಆಮೇಲೆ ದಿಲ್ಲಿಯಲ್ಲಿ ಓದಿ ತಿಳಿದದ್ದು. ಅದೇ ದೇಶದಲ್ಲಿ ಬಂದೂಕು ಹಿಡಿದು ನಿಂತಿದ್ದಾಗ ಇದ್ಯಾವುದೂ ಗೊತ್ತಿರಲಿಲ್ಲ.

ವೆಲಿಂಗ್ಟನ್ ಸ್ಟಾಫ್ ಕಾಲೇಜಿನಲ್ಲಿ ಓದಿದವರಿಗೆ ಮದ್ರಾಸ್ ವಿಶ್ವವಿದ್ಯಾಲಯದ ಎಂ.ಎಸ್ಸಿ. ಸಿಗುತ್ತದೆ. ಆ ಕಾಗದ ಹಿಡಿದು ಎಂ.ಫಿಲ್‌ಗೆ ಸೇರಿದೆ. ಈ ವಿಭಾಗ ಶುರುವಾದದ್ದು 1955ರಲ್ಲಿ, ನೆಹರೂ ಅವರ ಒತ್ತಾಸೆಯಿಂದ. ಆಗ ಆಫ್ರಿಕಾದಲ್ಲಿ ಸ್ವತಂತ್ರ ದೇಶಗಳು ಬೆರಳೆಣಿಕೆಯಷ್ಟು; ಘಾನಾ ಕೂಡ ಸ್ವತಂತ್ರವಾದದ್ದು ಎರಡು ವರ್ಷದ ಮೇಲೆ. ಇನ್ನೂ ಹುಟ್ಟದ ದೇಶಗಳ ಬಗ್ಗೆ ಓದಲಿಕ್ಕೆ ಒಂದು ವಿಭಾಗ ತೆರೆದಿದ್ದರು ನೋಡಿ.

ಮೊದಲ ಪ್ರಬಂಧವನ್ನು ಸೈನ್ಯದಲ್ಲಿ ಕಲಿತ ಹಾಗೇ ಬರೆದೆ: ಉದ್ದೇಶ, ಪರಿಸ್ಥಿತಿ, ಪರಿಗಣಿಸಬೇಕಾದ ಅಂಶಗಳು, ಮುಂದಿರುವ ದಾರಿಗಳು, ಶಿಫಾರಸು. ಪ್ರತಿ ಪ್ಯಾರಾಕ್ಕೂ ನಂಬರು. ಪ್ರೊಫೆಸರ್ ಓದಿ ನಕ್ಕುಬಿಟ್ಟರು. "ಕರ್ನಲ್ ಸಾಹೇಬ್ರೇ, ನಾಳೆ ಬೆಳಿಗ್ಗೆ ಇಲ್ಲಿ ಯಾರೂ ದಾಳಿ ಮಾಡೋದಿಲ್ಲ. ನಿಧಾನಕ್ಕೆ ಬರೀರಿ. ಖಾತ್ರಿ ಇಲ್ಲದ ಕಡೆ ಖಾತ್ರಿ ಇಲ್ಲ ಅಂತ ಬರೀರಿ" ಅಂದರು. 23 ವರ್ಷ ಖಾತ್ರಿ ಇಲ್ಲದಿದ್ದರೂ ಇದೆ ಅಂತ ಹೇಳುವುದನ್ನೇ ಕಲಿತವನಿಗೆ ಇದು ಡ್ರಿಲ್‌ಗಿಂತ ಕಷ್ಟದ ಪಾಠ.

ಆ ವರ್ಷ ಓದಿದ್ದರಲ್ಲಿ ಎರಡು ವಿಷಯ ನಿದ್ದೆಗೆಡಿಸಿದವು. 1963ರಲ್ಲಿ ಆಕ್ಸ್‌ಫರ್ಡಿನ ದೊಡ್ಡ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್, ಆಫ್ರಿಕಾದಲ್ಲಿ ಇರುವುದು ಯುರೋಪಿಯನ್ನರ ಇತಿಹಾಸ ಮಾತ್ರ, ಉಳಿದದ್ದು ಬರೀ ಕತ್ತಲೆ ಅನ್ನುವ ಅರ್ಥದಲ್ಲಿ ಮಾತಾಡಿದ್ದ. ಓದಿ ಸಿಟ್ಟು ಬಂತು. ಮರುಕ್ಷಣವೇ, ಗೋಮಾದಲ್ಲಿ ನನ್ನ ತಲೆಯಲ್ಲಿ ಇದ್ದದ್ದೂ ಇದೇ ಅಲ್ಲವಾ ಅನ್ನಿಸಿತು. ನಾನದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಇನ್ನೊಂದು, ಕಾಂಗೋ ನದಿಯ ಬಾಯಲ್ಲಿದ್ದ ಕೊಂಗೊ ರಾಜ್ಯದ ದೊರೆ ಮೊದಲನೇ ಅಫೊನ್ಸೊನ ಪತ್ರಗಳು. 1526ರಲ್ಲಿ ಅವನು ಪೋರ್ಚುಗಲ್ಲಿನ ದೊರೆಗೆ ಪೋರ್ಚುಗೀಸ್ ಭಾಷೆಯಲ್ಲೇ ಬರೆಯುತ್ತಾನೆ: ನಿಮ್ಮ ವ್ಯಾಪಾರಿಗಳು ದಿನಾ ನಮ್ಮ ಜನರನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ, ದೊಡ್ಡ ಮನೆತನದ ಮಕ್ಕಳನ್ನೂ ನನ್ನ ನೆಂಟರನ್ನೂ ಬಿಟ್ಟಿಲ್ಲ, ನಾಡು ಬರಿದಾಗುತ್ತಿದೆ, ನಮಗೆ ಪಾದ್ರಿಗಳೂ ಮೇಷ್ಟ್ರುಗಳೂ ಸಾಕು. ತಾರೀಖು ನೋಡಿ. ಆಗ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. ಪೋರ್ಚುಗೀಸರು ಗೋವೆ ಹಿಡಿದು 16 ವರ್ಷವಾಗಿತ್ತು. ಕೃಷ್ಣದೇವರಾಯನಿಗೆ ಕುದುರೆ ತಂದುಕೊಡುತ್ತಿದ್ದ ಪೋರ್ಚುಗೀಸರೇ ಅತ್ತ ಅಫೊನ್ಸೊನ ಪ್ರಜೆಗಳನ್ನು ಹಡಗಿಗೆ ತುಂಬುತ್ತಿದ್ದರು. ಶಾಲೆಯಲ್ಲಿ ಒಂದರ ಕತೆ ಬಾಯಿಪಾಠ ಮಾಡಿದ್ದೆ, ಇನ್ನೊಂದರ ಸುಳಿವೂ ಇರಲಿಲ್ಲ.

ಬರವಣಿಗೆ ಇಲ್ಲದ ಕಡೆ ಇತಿಹಾಸ ಹುಡುಕುವುದು ಹೇಗೆ ಅನ್ನುವುದಕ್ಕೂ ಉತ್ತರ ಕಾಂಗೋದಲ್ಲೇ ಇತ್ತು. ಯಾನ್ ವಾನ್ಸಿನಾ ಅನ್ನುವ ಬೆಲ್ಜಿಯಂ ವಿದ್ವಾಂಸ 1950ರ ದಶಕದಲ್ಲಿ ಅಲ್ಲಿನ ಕುಬಾ ಜನರ ಬಾಯಿಮಾತಿನ ಪರಂಪರೆಯನ್ನು ಕೇಳಿ ಬರೆದುಕೊಂಡ. ಯಾರು ಹೇಳಿದರು, ಯಾರಿಂದ ಕೇಳಿದರು, ಯಾಕೆ ನೆನಪಿಟ್ಟರು ಅಂತ ಒರೆಗೆ ಹಚ್ಚಿದರೆ ಬಾಯಿಮಾತೂ ದಾಖಲೆಯೇ ಅಂತ ತೋರಿಸಿದ. ಕೀನ್ಯಾದ ಬೆಥ್‌ವೆಲ್ ಓಗೊಟ್ ತನ್ನ ಲುವೊ ಜನರ ಇತಿಹಾಸವನ್ನು ಅದೇ ದಾರಿಯಲ್ಲಿ ಬರೆದ.

ಬಂದೂಕು ಇಟ್ಟು ಈ ಕಡೆ ಬಂದವರಲ್ಲಿ ನಾನೇನೂ ಮೊದಲಿಗನಲ್ಲ ಅನ್ನುವುದೂ ಆಗಲೇ ತಿಳಿದದ್ದು. ಆಫ್ರಿಕಾದ ಹಳೆಯ ನಾಗರಿಕತೆಗಳನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದ ಬೇಸಿಲ್ ಡೇವಿಡ್‌ಸನ್, ಎರಡನೇ ಮಹಾಯುದ್ಧದಲ್ಲಿ ಯುಗೋಸ್ಲಾವಿಯಾ, ಇಟಲಿಗಳಲ್ಲಿ ಗೆರಿಲ್ಲಾಗಳ ಜೊತೆ ಇದ್ದವರು. 1960ರಲ್ಲಿ ರೋಲಂಡ್ ಆಲಿವರ್ ಜೊತೆ ಆಫ್ರಿಕಾ ಇತಿಹಾಸದ ಪತ್ರಿಕೆ ಶುರು ಮಾಡಿದ ಜಾನ್ ಫೇಜ್ ಬ್ರಿಟಿಷ್ ವಾಯುಸೇನೆಯಲ್ಲಿದ್ದವರು. ಆಕ್ಸ್‌ಫರ್ಡಿನಲ್ಲಿ ಆಫ್ರಿಕಾ ಕಲಿಸುತ್ತಿದ್ದ ಆಂಟನಿ ಕರ್ಕ್-ಗ್ರೀನ್ ಅಂತೂ 1943ರಿಂದ 1947ರವರೆಗೆ ನಮ್ಮದೇ ಭಾರತೀಯ ಸೈನ್ಯದಲ್ಲಿದ್ದು, ಆಮೇಲೆ ನೈಜೀರಿಯಾದಲ್ಲಿ ಅಧಿಕಾರಿಯಾಗಿದ್ದವರು. ದಿಲ್ಲಿಯಲ್ಲೇ ಸ್ಕ್ವಾಡ್ರನ್ ಲೀಡರ್ ರಾಣಾ ಛೀನಾ ವಾಯುಸೇನೆ ಬಿಟ್ಟು ಸೈನಿಕ ಇತಿಹಾಸಕ್ಕೆ ಇಳಿದವರು. ಅವರ ಸಂಶೋಧನಾ ಕೇಂದ್ರವಿರುವ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಶನ್ ರಾವ್ ತುಲಾರಾಮ್ ಮಾರ್ಗದಲ್ಲಿದೆ. ನಮ್ಮ ದಿಲ್ಲಿ ಕರ್ನಾಟಕ ಸಂಘವೂ ಅದೇ ರಸ್ತೆಯಲ್ಲಿ. ಎಷ್ಟೋ ಸಲ ಹಗಲು ಅಲ್ಲಿ ಓದಿ, ಸಂಜೆ ಇಲ್ಲಿ ಯಕ್ಷಗಾನ ನೋಡಿ ಮನೆಗೆ ಹೋಗಿದ್ದೇನೆ. "ಆಫ್ರಿಕಾನಾ? ಯಾಕೆ ಸ್ವಾಮಿ, ಹಂಪಿ ಸಾಲದಾ?" ಅಂತ ಸಂಘದಲ್ಲಿ ಹಿರಿಯರೊಬ್ಬರು ತಮಾಷೆ ಮಾಡುತ್ತಿದ್ದರು.

ನನ್ನ ಪ್ರಬಂಧದ ವಿಷಯ 1961ರ ಎಲಿಜಬೆತ್‌ವಿಲ್. ತೀನ್ ಮೂರ್ತಿ ಭವನದ ಗ್ರಂಥಾಲಯದಲ್ಲಿ ತಿಂಗಳುಗಟ್ಟಲೆ ಕೂತೆ. ಭವನದ ಮುಂದಿನ ಚೌಕದಲ್ಲಿ ನಿಂತ ಮೂರು ಯೋಧರಲ್ಲಿ ಒಬ್ಬ ನಮ್ಮ ಮೈಸೂರು ಲ್ಯಾನ್ಸರ್ಸ್‌ನವನು. ಉಳಿದಿಬ್ಬರು ಹೈದರಾಬಾದ್, ಜೋಧಪುರದವರು. ಅವರನ್ನು ನೆನೆಯುವುದು 1918ರ ಹೈಫಾ ಗೆಲುವಿಗೆ. ಅದಕ್ಕೂ ಮೊದಲು ಮೈಸೂರಿನ ಆ ಕುದುರೆ ಸವಾರರು ಈಜಿಪ್ಟಿನಲ್ಲಿ, ಅಂದರೆ ಆಫ್ರಿಕಾದ ನೆಲದಲ್ಲಿ, ಸೂಯೆಜ್ ಕಾಲುವೆ ಕಾದಿದ್ದರು. ಇಂಡಿಯಾ ಗೇಟಿನ ನೆತ್ತಿಯ ಮೇಲೆ ಕೆತ್ತಿದ ಯುದ್ಧಭೂಮಿಗಳ ಹೆಸರಿನಲ್ಲಿ ಪೂರ್ವ ಆಫ್ರಿಕಾವೂ ಇದೆ. ಐಸ್‌ಕ್ರೀಂ ತಿನ್ನುತ್ತಾ ಅದರ ಕೆಳಗೆ ನಿಂತವರು ತಲೆ ಎತ್ತಿ ಓದುವುದು ಕಡಿಮೆ. ನಾನೂ ಪೆರೇಡಿನ ದಿನಗಳಲ್ಲಿ ಓದಿರಲಿಲ್ಲ. 1914ರ ನವೆಂಬರಿನಲ್ಲಿ ಮುಂಬಯಿಯಿಂದ ಹೋದ ಸುಮಾರು 8000 ಜನರ ಪಡೆ ಈಗಿನ ತಾಂಜಾನಿಯಾದ ತಾಂಗಾ ಬಂದರಿನಲ್ಲಿ ಇಳಿದು, ತಮಗಿಂತ ಎಷ್ಟೋ ಕಡಿಮೆಯಿದ್ದ ಶತ್ರುಗಳ ಕೈಯಲ್ಲಿ ಸೋತಿತು. ಎದುರಿಗಿದ್ದವರಲ್ಲಿ ಹೆಚ್ಚಿನವರು ಜರ್ಮನ್ನರ ಸಂಬಳ ತಿನ್ನುವ ಆಫ್ರಿಕನ್ ಸಿಪಾಯಿಗಳು, ಅಸ್ಕಾರಿಗಳು. ಜೇನುಹುಳಗಳೂ ಎದ್ದು ಕಚ್ಚಿದವು. ಆ ಪಡೆಯಲ್ಲಿ 61ನೇ ಪಯನಿಯರ್ಸ್ ಇದ್ದರು. ಬೆಂಗಳೂರಿನ ಬ್ರಿಗೇಡ್ ರಸ್ತೆಯ ತುದಿಯ ಯುದ್ಧಸ್ಮಾರಕ ಆ ಮದ್ರಾಸ್ ಪಯನಿಯರ್ಸ್ ದಳದವರದ್ದೇ. ಬ್ರಿಟಿಷರ ಸಿಪಾಯಿಗಳು ನಾವು, ಜರ್ಮನ್ನರ ಸಿಪಾಯಿಗಳು ಅವರು. ಯಾರದೋ ಜಗಳಕ್ಕೆ ಇಬ್ಬರೂ ಗುಂಡಿಗೆ ಎದೆಯೊಡ್ಡಿದ್ದು. ಮೂವತ್ತು ವರ್ಷ ಕಳೆದು 1944ರಲ್ಲಿ ಆಫ್ರಿಕಾದ ಮೂರು ಡಿವಿಜನ್‌ಗಳು ಭಾರತದ ಮೂಲಕ ಬರ್ಮಾಕ್ಕೆ ಹೋಗಿ, ನಮ್ಮವರ ಜೊತೆ ಒಂದೇ ಕಡೆ ನಿಂತು ಜಪಾನಿಗಳ ವಿರುದ್ಧ ಕಾದವು.

ಎಲಿಜಬೆತ್‌ವಿಲ್ ಕೂಡ ಒಂದೇ ಕತೆ ಹೇಳಲಿಲ್ಲ. 1961ರಲ್ಲಿ ಆ ಊರಿನಲ್ಲಿ 30,000ಕ್ಕೂ ಹೆಚ್ಚು ಬಾಲುಬಾ ಜನ ಕಟಾಂಗಾ ಪೊಲೀಸರಿಗೆ ಹೆದರಿ ವಿಶ್ವಸಂಸ್ಥೆಯ ಆಸರೆಯಲ್ಲಿ ಗುಡಾರ ಹಾಕಿಕೊಂಡಿದ್ದರು. ಅವರಿಗೆ ನೀಲಿ ಟೋಪಿಯವರು ಬೇಲಿ. ಮಂಚದ ಕೆಳಗಿದ್ದ ಹುಡುಗನಿಗೆ ಬಾಂಬು. ಎರಡೂ ಸುಳ್ಳಲ್ಲ. ಸಲಾರಿಯಾ ಶೌರ್ಯ ಇದರಿಂದ ಒಂದು ಗುಲಗಂಜಿಯೂ ಕಮ್ಮಿಯಾಗುವುದಿಲ್ಲ. ಆದರೆ ಪದಕದ ಕತೆಯ ಪಕ್ಕದಲ್ಲಿ ಈ ಎರಡಕ್ಕೂ ಜಾಗ ಬೇಕು.

ಇಷ್ಟೆಲ್ಲ ತಿಳಿದೆ ಅನ್ನುವ ಹಮ್ಮು ಒಂದು ಸೆಮಿನಾರಿನಲ್ಲಿ ಇಳಿಯಿತು. ಅದೇ ಪ್ರೊಫೆಸರ್, "ನೀವು ಉತ್ತರ ಕನ್ನಡದವರಲ್ಲವಾ? ನಮಗೆ ಸಿದ್ದಿಗಳ ಬಗ್ಗೆ ಹೇಳಿ" ಅಂದರು. ಎದ್ದು ನಿಂತೆ. ಕಾಡಿನಲ್ಲಿ ಇರ್ತಾರೆ, ತೋಟದ ಕೆಲಸಕ್ಕೆ ಬರ್ತಾರೆ, ಚೆನ್ನಾಗಿ ಡಮಾಮಿ ಬಾರಿಸಿ ಕುಣಿಯುತ್ತಾರೆ. ನಾಲ್ಕನೇ ವಾಕ್ಯ ಬರಲಿಲ್ಲ. ಅವರು ಗ್ರಂಥಾಲಯದಿಂದ ಒಂದು ಪುಸ್ತಕ ತರಿಸಿ ಕೈಗಿಟ್ಟರು: ಟಿ.ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ 1976ರಲ್ಲಿ ಪ್ರಕಟಿಸಿದ್ದು. ಆಗ ನನಗೆ ಹತ್ತು ವರ್ಷ. ನಮ್ಮ ಮನೆಯ ಸುತ್ತಲಿನ ಜನರ ಬಗ್ಗೆ ಬಂದ ಪುಸ್ತಕ ನನಗೆ ಸಿಗಲಿಕ್ಕೆ ಕಾಂಗೋ, ದಿಲ್ಲಿ ಎರಡೂ ಬೇಕಾದವು.

ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗುಲಾಮರನ್ನು ಗೋವೆಗೆ ತರುತ್ತಿದ್ದರು. ತಪ್ಪಿಸಿಕೊಂಡವರು ಗಡಿ ದಾಟಿ ನಮ್ಮ ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡಗಳ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. 2011ರಲ್ಲಿ ಹೈದರಾಬಾದಿನ ವಿಜ್ಞಾನಿಗಳ ತಳಿ ಅಧ್ಯಯನವೂ ಅವರ ಬೇರು ಆಫ್ರಿಕಾದ ಬಂಟು ಜನರಲ್ಲಿ ಇದೆ ಅಂತ ಹೇಳಿತು. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಇನ್ನೊಂದು ದಾರಿಯಿಂದ ಬಂದವರು ನಮ್ಮ ಹಾಗೆ ಸಿಪಾಯಿಗಳು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ಸೇನೆಯನ್ನೇ ಕಟ್ಟಿ ಮೊಗಲರನ್ನು ಕಾಡಿದ ಮಲಿಕ್ ಅಂಬರ್ ಸತ್ತದ್ದು 1626ರಲ್ಲಿ. ಬಿಜಾಪುರದಲ್ಲಿ ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. ಇಬ್ಬರೂ ಒಂದೇ ಆನೆಯ ಮೇಲೆ ಕೂತ ಚಿತ್ರವೇ ಇದೆ. ನಾನು ಓದಿದ್ದು ಬಿಜಾಪುರದ ಸೈನಿಕ ಶಾಲೆಯಲ್ಲಿ. ಏಳು ವರ್ಷ. ಗೋಳಗುಮ್ಮಟದಲ್ಲಿ ಎಷ್ಟು ಸಲ ಕೂಗಿ ಪ್ರತಿಧ್ವನಿ ಕೇಳಿದ್ದೇವೋ ಲೆಕ್ಕವಿಲ್ಲ.

ಪುಸ್ತಕ ಓದುತ್ತಾ ಕಣ್ಣ ಮುಂದೆ ಬಂದದ್ದು ಒಂದು ಅಲ್ಯುಮಿನಿಯಂ ಲೋಟ. ನಮ್ಮ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಅದನ್ನು ಸಿಕ್ಕಿಸಿ ಇಡುತ್ತಿದ್ದರು. ತೋಟಕ್ಕೆ ಬರುತ್ತಿದ್ದ ಸಿದ್ದಿ ಅಜ್ಜ ಅದನ್ನು ತಾವೇ ಇಳಿಸಿಕೊಂಡು, ಅಂಗಳದ ತುದಿಯಲ್ಲಿ ಕೂತು, ಮೇಲಿನಿಂದ ಹೊಯ್ದ ಚಹಾ ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಿ ಹೋಗುತ್ತಿದ್ದರು. ನನ್ನ ಅಜ್ಜನ ವಯಸ್ಸಿನವರು. ಹತ್ತು ವರ್ಷದ ನಾನು ಅವರನ್ನು ಹೆಸರು ಹಿಡಿದು 'ಬಾರೋ, ಹೋಗೋ' ಅನ್ನುತ್ತಿದ್ದೆ. ಈಗ 'ಅವರು' ಅಂತ ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ.

ಚಿಕ್ಕಂದಿನ ಮಾತು ಬಿಡಿ, ತಿಳಿವಳಿಕೆ ಬಂದ ಮೇಲಿನದೂ ಒಂದಿದೆ. ಜೊತೆಗೆ ಓದುತ್ತಿದ್ದ ಆಫ್ರಿಕನ್ ಹುಡುಗನಿಗೆ ಬಾಡಿಗೆ ಕೋಣೆ ಬೇಕಿತ್ತು. ನಮ್ಮ ಸೆಕ್ಟರಿನಲ್ಲಿ ನಾಲ್ಕು ಮನೆ ಕೇಳಿದೆ. "ನೀವು ಹೇಳಿದ ಮೇಲೆ ಬೇಡ ಅನ್ನಲ್ಲ ಕರ್ನಲ್ ಸಾಬ್, ಆದರೆ ಅಕ್ಕಪಕ್ಕದವರು..." ಅಂತ ಎಲ್ಲರೂ ರಾಗ ಎಳೆದರು. ಮನೆಗೆ ಬಂದು ಸಿಟ್ಟಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದರೆ ಹೆಂಡತಿ, "ನಮ್ಮ ಮೇಲಿನ ಕೋಣೆ ಖಾಲಿ ಇದೆಯಲ್ಲ" ಅಂದಳು. ಹೌದಲ್ಲ! ನನಗೆ ಹೊಳೆದೇ ಇರಲಿಲ್ಲವೋ, ಹೊಳೆಯಬಾರದು ಅಂತ ಒಳಗೊಳಗೇ ತಡೆದಿದ್ದೆನೋ. ಹೂಂ ಅನ್ನಲಿಕ್ಕೆ ಮೂರು ದಿನ ಬೇಕಾಯಿತು. ಅಷ್ಟರಲ್ಲಿ ಅವನು ಖಿರ್ಕಿ ಎಕ್ಸ್‌ಟೆನ್ಷನ್‌ನಲ್ಲಿ ಎಲ್ಲೋ ಜಾಗ ಹಿಡಿದಿದ್ದ.

2014ರ ಜನವರಿಯಲ್ಲಿ ಅದೇ ಖಿರ್ಕಿಯಲ್ಲಿ ರಾತ್ರೋರಾತ್ರಿ ಆಫ್ರಿಕನ್ ಹೆಂಗಸರ ಮೇಲೆ ಗಲಾಟೆ ನಡೆಯಿತು. 2016ರ ಮೇನಲ್ಲಿ ವಸಂತ್ ಕುಂಜ್ ಕಡೆ ಆಟೋ ಹತ್ತುವ ಜಗಳದಲ್ಲಿ ಕಾಂಗೋ ದೇಶದ ಯುವಕನೊಬ್ಬನನ್ನು ಹೊಡೆದು ಕೊಂದರು. 2017ರ ಮಾರ್ಚಿನಲ್ಲಿ ಗ್ರೇಟರ್ ನೋಯ್ಡಾದಲ್ಲಿ ನೈಜೀರಿಯಾದ ವಿದ್ಯಾರ್ಥಿಗಳ ಮೇಲೆ ಗುಂಪು ಬಿತ್ತು. ದಿಲ್ಲಿಯವರೇ ಹಾಗೆ ಅಂದುಕೊಳ್ಳಬೇಡಿ; 2016ರ ಜನವರಿಯ ಕೊನೆಯಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಆದದ್ದು ನಮ್ಮ ಬೆಂಗಳೂರಿನಲ್ಲಿ. ಕಾಂಗೋ ಹುಡುಗನ ಸುದ್ದಿ ಓದಿದ ದಿನ ದುಭಾಷಿಯ ನೆನಪಾಯಿತು. ಅವರ ಊರಿನಲ್ಲಿ ನಮ್ಮವರು ಕಾವಲು ನಿಂತದ್ದನ್ನು ನಾನು ಹೆಮ್ಮೆಯಿಂದ ಹೇಳಿಕೊಂಡಿದ್ದೆ. ನಮ್ಮ ಊರಿನಲ್ಲಿ ಅವರವನಿಗೆ ಆಟೋದಲ್ಲಿ ಮನೆ ಸೇರಲು ಆಗಲಿಲ್ಲ.

ಎಂ.ಫಿಲ್ ಮುಗಿದು ಹತ್ತು ವರ್ಷ ದಾಟಿದ ಮೇಲೆ, ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಆ ಸಿದ್ದಿ ಅಜ್ಜನ ಮನೆಗೆ ಹೋದೆ. ಅಜ್ಜ ಹೋಗಿ ಎಷ್ಟೋ ಕಾಲವಾಗಿದೆ. ಮಗ ಇದ್ದರು, ನನಗಿಂತ ದೊಡ್ಡವರು. ನಮ್ಮ ತೋಟದಿಂದ ಅರ್ಧ ಮೈಲಿ ದೂರದ ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು, 59 ವರ್ಷಕ್ಕೆ. ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ಹಳೆಯದೇನಾದರೂ ನೆನಪಿದೆಯಾ ಅಂತ ಕೇಳಿದೆ. "ಗೋವೆಯಿಂದ ರಾತ್ರಿ ಓಡಿ ಬಂದೋರು ಅಂತ ಅಪ್ಪ ಹೇಳ್ತಿದ್ದ. ಅದಕ್ಕೂ ಹಿಂದೆ ಹಡಗು. ಯಾರೂ ಕೇಳ್ಲಿಲ್ಲ ಹೆಗಡೇರೆ, ಹೇಳೋದೂ ಬಿಟ್ಟೋಯ್ತು" ಅಂದರು. ಸ್ವಲ್ಪ ತಡೆದು, "ನೀವು ನೋಡ್ಕಂಡು ಬಂದೋರು. ಅಲ್ಲಿ ಅಡಿಕೆ ಬೆಳೀತಾರಾ?" ಅಂದರು. ಬಾಳೆ ಬೆಳೀತಾರೆ, ಗುಡ್ಡ ತುಂಬ ಬಾಳೆ ಅಂದೆ. ತಲೆಯಾಡಿಸಿದರು.

ನಾನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕಾಲೇಜಿಗೆ ಹೋಗುವ ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಬರೆದದ್ದನ್ನು ಓದಿ ಹೇಳಿದಾಗ, "ಅದು ಹಾಗಲ್ಲ ಸರ್, ಅಜ್ಜಿ ಹೇಳೋದೇ ಬೇರೆ" ಅಂದಳು. ಹಾಗಾದರೆ ಅಜ್ಜಿ ಹೇಳಿದ್ದನ್ನು ನೀವೇ ಬರೀರಿ, ಯಾರಿಂದ ಕೇಳಿದರು ಅನ್ನೋದನ್ನೂ ಬರೀರಿ ಅಂತ ನೋಟುಬುಕ್ಕು ಅವಳ ಕೈಗೆ ಕೊಟ್ಟು ಬಂದೆ. ಬರೆಯುತ್ತಿದ್ದಾಳೋ ಇಲ್ಲವೋ, ಮುಂದಿನ ಸಲ ಊರಿಗೆ ಹೋದಾಗ ಕೇಳಬೇಕು.